ದೋಣಿಯಲ್ಲಿ ಹಾಡದೆ ಬಂದ ಮಂಗಳ

ಚಿಕ್ಕಬಳ್ಳಾಪುರ ಸ್ಟೇಷನ್

ಹಾಲೆಂಡಿಗೆ ಹೋಗಿಬಂದವಳು ಎಂದು ಗೌರಿಬಿದನೂರಿನಲ್ಲಿ ಈಗಲೂ ನನ್ನನ್ನು ಹೊಸಬರಿಗೆ ತೋರಿಸುತ್ತಾರೆ. ಅಲ್ಲಿ ಏನು ನೋಡಿದಿರಿ ಟೀಚರೇ ಎಂದು ಅವರು ಕೇಳುತ್ತಾರೆ. ನೀರು ಎನ್ನುತ್ತೇನೆ. ನಗುತ್ತಾರೆ. ನಗಲಿ. ಗೌರಿಬಿದನೂರಿನ ಹೊಳೆ ವರ್ಷದ ಹೆಚ್ಚು ಕಾಲ ಬರೀ ಮರಳು. ನಾನು ಹುಟ್ಟಿ ಬೆಳೆದ ಚಿಂತಾಮಣಿಯಲ್ಲಿ ನೀರೆಂದರೆ ಕೆರೆ, ಬಾವಿ, ಸೊಂಟದ ಮೇಲಿನ ಕೊಡ. ಅಂಥವಳನ್ನು ಕರೆದುಕೊಂಡು ಹೋಗಿ ನೀರಿನ ಮೇಲೆ ಕೂರಿಸಿ, ಅಲ್ಲಾಡಬೇಡ ಎಂದರೆ ಹೇಗಾಗಬೇಡ?

ಹೋದದ್ದು ಅಕ್ಕನಿಗಾಗಿ. ನನ್ನ ಅಕ್ಕ ಪದ್ಮಾವತಿ, ಎಲ್ಲರ ಬಾಯಲ್ಲೂ ಪದ್ದಕ್ಕ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಮನೆಯ ಸೊಸೆ. ಗೂಡು ಬೇಯುವ ವಾಸನೆಯ ನಡುವೆ ಸಂಸಾರ ಮಾಡಿಕೊಂಡು, ಶಿವರಾತ್ರಿಗೊಮ್ಮೆ ನಂದಿಯ ದೇವಸ್ಥಾನದಲ್ಲಿ, ಉಳಿದಂತೆ ಯಾರಾದರೂ ಕರೆದರೆ ಅವರ ಮನೆಯ ಪಡಸಾಲೆಯಲ್ಲಿ ಹಾಡುತ್ತಿದ್ದಳು. ಪಾಠ ಅಪ್ಪನದು. ಚಿಂತಾಮಣಿಯಲ್ಲಿ ಸಂಗೀತ ಹೇಳಿಕೊಡುತ್ತಿದ್ದ ಅಪ್ಪ ತೆಲುಗಿನಲ್ಲಿ ಕೃತಿ ಕಟ್ಟಿ ಕನ್ನಡದಲ್ಲಿ ಬೈಯುತ್ತಿದ್ದರು. ಕೃತಿಗಳು ಅಕ್ಕನ ಪಾಲಿಗೆ ಬಂದವು, ಬೈಗುಳ ನನ್ನ ಪಾಲಿಗೆ. ಅಪ್ಪ ತೀರಿಕೊಂಡ ಮೇಲೆ ಆ ಕೃತಿಗಳನ್ನು ಬಲ್ಲವರು ಅಕ್ಕನನ್ನು ಬಿಟ್ಟು ಯಾರೂ ಉಳಿದಿರಲಿಲ್ಲ. ನನಗೆ ಅಪ್ಪ ಕಲಿಸಿದ್ದು ತಂಬೂರಿ ಮೀಟುವುದೊಂದೇ, ಅದೂ ನಾನು ಒಂದು ಕಡೆ ಕೂರಲಿ ಎಂದು.

ಹಾಲೆಂಡಿನ ಒಬ್ಬಾತ ಒಂದು ಶಿವರಾತ್ರಿ ನಂದಿಯಲ್ಲಿ ಅವಳ ಹಾಡು ಕೇಳಿದ. ಹೆಸರು ಪೀಟರ್. ಪಿಟೀಲಿನ ಜಾತಿಯದೇ ಆದ, ಆಳುದ್ದದ ವಾದ್ಯವೊಂದನ್ನು ನುಡಿಸುವವನು. ಆ ವರ್ಷ ನಂದಿಯಲ್ಲಿ ಮನೆ ಹಿಡಿದುಕೊಂಡಿದ್ದ, ಹರಕುಮುರುಕು ಕನ್ನಡವನ್ನೂ ಕಲಿತಿದ್ದ. ಊರಿನವರಿಗೆಲ್ಲ ಅವನು ಪೀಟರಪ್ಪ. ನಮ್ಮೂರಿನ ಕಾಲುವೆಯಲ್ಲಿ ನನ್ನದೊಂದು ಹಳೆಯ ದೋಣಿ ಇದೆ, ಅದರ ಹೊಟ್ಟೆಯಲ್ಲಿ ಹಾಡು ಮುದ್ರಿಸುವ ಕೋಣೆ ಮಾಡಿದ್ದೇನೆ, ನೀವು ಬಂದು ಹಾಡಬೇಕು ಎಂದು ಅಕ್ಕನಿಗೆ ಹೇಳಿ ಹೋದ. ಹೇಳಿದವರೆಲ್ಲ ಕರೆಸುತ್ತಾರೆಯೇ ಎಂದು ನಾವು ಮರೆತೆವು. ಅವನು ಕರೆಸಿಯೇ ಬಿಟ್ಟ, ಅವನೂರಿನ ಸಂಗೀತದ ಸಂಘದವರ ಕಡೆಯಿಂದ, ಇಬ್ಬರಿಗೆ.

ಅಷ್ಟರಲ್ಲಿ ಅಕ್ಕನ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತ್ತು. ಬೆಂಗಳೂರಿನ ಡಾಕ್ಟರು ಕೊಯ್ದು ತೆಗೆಯಲೇಬೇಕೆಂದರು. ಹೋಗಿಬನ್ನಿ, ಬಂದ ಕೂಡಲೇ ಆಪರೇಷನ್, ಆಮೇಲೆ ಕಂಠ ಹೇಗಿರುತ್ತದೋ ನಾನು ಮಾತು ಕೊಡಲಾರೆ ಎಂದರು. ಅಂದರೆ ಅಕ್ಕನ ಹಾಡು ಉಳಿಯುವುದಿದ್ದರೆ ಆ ದೋಣಿಯಲ್ಲಿ ಉಳಿಯಬೇಕು. ಇಲ್ಲದಿದ್ದರೆ ಅಪ್ಪನ ಕೃತಿಗಳೂ ಅವಳ ಜೊತೆಗೇ ಸುಮ್ಮನಾಗುತ್ತವೆ. ಇದನ್ನು ಪೀಟರಪ್ಪನಿಗೆ ಹೇಳಕೂಡದು ಎಂದು ಅಕ್ಕ ಆಣೆ ಹಾಕಿಸಿಕೊಂಡಳು. ಕನಿಕರಪಟ್ಟುಕೊಂಡು ಕೇಳುವವರ ಮುಂದೆ ಹಾಡಲು ಅವಳಿಗಾಗದಂತೆ.

ಚಿಕ್ಕಬಳ್ಳಾಪುರದ ಸ್ಟೇಷನ್ನಿಗೆ ಭಾವ ಬಂದಿದ್ದರು. ನಮ್ಮ ಪುಟ್ಟ ರೈಲು ಅವತ್ತು ಹೊರಡಲೇ ಒಲ್ಲದು. ನಾನು ಪ್ಲಾಟ್‌ಫಾರಂ ಮೇಲೆ ಆ ತುದಿಯಿಂದ ಈ ತುದಿಗೆ ಶತಪಥ ಹಾಕುತ್ತಿದ್ದೆ. ಅಕ್ಕ ಕಿಟಕಿಯಿಂದ ನೋಡಿ, ಇವಳ ನಡಿಗೆಗೆ ಇಂಜಿನ್ ಕಟ್ಟಿದ್ದರೆ ಇಷ್ಟೊತ್ತಿಗೆ ಬೆಂಗಳೂರು ಸೇರಿರುತ್ತಿದ್ದೆವು ಎಂದು ಭಾವನಿಗೆ ಹೇಳಿದಳು.

ಹಡಗು, ಆಮೇಲೆ ರೈಲು

ಬೊಂಬಾಯಿಯಿಂದ ಹಡಗು. ಅದರ ವರ್ಣನೆ ನನ್ನಿಂದಾಗದು. ಎರಡು ಕೈಯಲ್ಲಿ ಕಂಬಿ ಹಿಡಿದುಕೊಂಡವಳು ಏನು ತಾನೇ ನೋಡಿಯಾಳು? ಅಕ್ಕನಿಗೆ ಮಾತ್ರ ತೊಟ್ಟಿಲು ತೂಗಿದಂತೆ ನಿದ್ದೆ. ಉಪ್ಪುಗಾಳಿಗೆ ನಮ್ಮ ಶ್ರುತಿಪೆಟ್ಟಿಗೆ ಕೆಟ್ಟು, ತಿದಿ ಒತ್ತಿದರೆ ಕೆಮ್ಮತೊಡಗಿತು. ನಾನು ತಲೆ ಮೇಲೆ ಕೈಹೊತ್ತು ಕೂತೆ. ಕಿವಿ ಇದೆಯಲ್ಲ, ಪೆಟ್ಟಿಗೆ ಯಾಕೆ ಎಂದಳು ಅಕ್ಕ. ಆ ಕಿವಿಯ ಮೇಲೆ ನಮಗಿಬ್ಬರಿಗೂ ಅಷ್ಟು ಭರವಸೆ.

ಇಟಲಿಯಲ್ಲಿ ಹಡಗು ಇಳಿದಾಗ ಸುಂಕದವನು ತಂಬೂರಿಯ ಬುರುಡೆಯನ್ನು ಬೆರಳಿನಿಂದ ಬಡಿದು, ಮೂಸಿ, ಒಳಗೇನಿದೆ ಎಂದು ಕಣ್ಣರಳಿಸಿದ. ನನಗೆ ಬಂದ ಇಂಗ್ಲಿಷಿನಲ್ಲಿ ಗಾಳಿ ಎಂದೆ. ನಂಬಲಿಲ್ಲ. ಅಕ್ಕ ಮುಂದೆ ಬಂದು, "ದೇವರ ಮುಂದೆ ಇಡೋದಪ್ಪ ಅದು, ಕೈ ಒರೆಸ್ಕೊಂಡು ಮುಟ್ಟು" ಎಂದು ತನ್ನ ಸೆರಗಿನಲ್ಲಿ ಕೈ ಒರೆಸಿ ತೋರಿಸಿದಳು. ಅವನು ನಿಜವಾಗಿಯೂ ಕರವಸ್ತ್ರ ತೆಗೆದು ಕೈ ಒರೆಸಿಕೊಂಡ. ಬಳಿಕ ಒಂದು ತಂತಿಯನ್ನು ಮೆಲ್ಲಗೆ ಮೀಟಿ, ಹೋಗಿ ಎಂಬಂತೆ ತಲೆಯಾಡಿಸಿದ.

ಅಲ್ಲಿಂದ ಮೇಲಕ್ಕೆ ರೈಲು. ಆ ರೈಲು ಹೇಳಿದ ಹೊತ್ತಿಗೆ ಹೊರಟಿತು, ಹೇಳಿದ ಹೊತ್ತಿಗೆ ನಿಂತಿತು, ನನಗೆ ಬೈಯಲು ಏನೂ ಸಿಗದೆ ಇನ್ನಷ್ಟು ಚಡಪಡಿಸಿದೆ. ಬುತ್ತಿಯಲ್ಲಿ ಹುರಿಹಿಟ್ಟು, ಚಟ್ನಿಪುಡಿ, ನಿಂಬೆಕಾಯಿ ಉಪ್ಪಿನಕಾಯಿ ಇತ್ತು. ಉಪ್ಪಿನಕಾಯಿ ಜಾಡಿ ಬಿಚ್ಚಿದ ಕೂಡಲೇ ಎದುರಿಗೆ ಕೂತಿದ್ದ ಮುದುಕಿಯೊಬ್ಬಳು ಕಿಟಕಿ ತೆರೆದಳು. ಸ್ವಲ್ಪ ಹೊತ್ತಿಗೆ ಅವಳೇ ಕೈ ಚಾಚಿದಳು.

ಕಾಲುವೆಯ ದಂಡೆ

ಆಮ್‌ಸ್ಟರ್‌ಡ್ಯಾಂ ಊರಿನಲ್ಲಿ ಬೀದಿ ಇರಬೇಕಾದ ಕಡೆ ನೀರಿದೆ. ಮನೆಯ ಬಾಗಿಲು ತೆರೆದರೆ ನೀರು, ಮಾರುಕಟ್ಟೆಗೆ ಹೋದರೆ ನೀರು. ಜನ ಅದರ ದಂಡೆಯ ಮೇಲೆ ಸೈಕಲ್ಲಿನಲ್ಲಿ, ಮಗುವನ್ನು ಮುಂದೆ ಕೂರಿಸಿಕೊಂಡು, ಒಂದು ಕೈಯಲ್ಲಿ ಬ್ರೆಡ್ಡು ತಿನ್ನುತ್ತಾ ಹೋಗುತ್ತಾರೆ. ನಾನು ಗೋಡೆಗೆ ಅಂಟಿಕೊಂಡು ನಡೆಯುತ್ತಿದ್ದೆ.

ಅವರ ಮನೆಗಳ ಕಿಟಕಿಗಳಿಗೆ ಪರದೆ ಇಲ್ಲ. ದಾರಿಯಲ್ಲಿ ಹೋಗುವವರಿಗೆ ಅವರ ಊಟ, ಜಗಳ, ಇಸ್ತ್ರಿ ಎಲ್ಲವೂ ಕಾಣುತ್ತದೆ, ಆದರೆ ಯಾರೂ ನೋಡುವುದಿಲ್ಲ. ನಮ್ಮ ಕಡೆ ಪರದೆ ಇದ್ದರೂ ನೋಡುವವರಿಗೆ ಬರವಿಲ್ಲ. ಕಾಫಿಯ ಜೊತೆಗೆ ಪೀಟರಪ್ಪನ ಹೆಂಡತಿ ಮಾರ್ಥಾ ಬಿಸ್ಕತ್ತಿನ ಡಬ್ಬಿ ತೆರೆದು ತಲಾ ಒಂದು ಕೊಟ್ಟು ಮುಚ್ಚಳ ಹಾಕಿದಳು. ಅಕ್ಕ ನನ್ನ ಮುಖ ನೋಡಿ ನಗು ತಡೆದುಕೊಂಡಳು. ಇನ್ನೊಂದು ಹಾಕಿಸಿಕೊಳ್ಳಿ ಎಂದು ಬಲವಂತ ಮಾಡದ ಮನೆಯಲ್ಲಿ ಹೊಟ್ಟೆ ತುಂಬುವುದು ಹೇಗೆಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಹಾಗೆಂದು ಮಾರ್ಥಾ ಜಿಪುಣಿಯಲ್ಲ. ಅಕ್ಕನಿಗೆ ಚಳಿಯಾಗುತ್ತದೆಂದು ತನ್ನ ಉಣ್ಣೆಯ ಕಾಲುಚೀಲಗಳನ್ನೆಲ್ಲ ತಂದು ಸುರಿದಳು.

ದೋಣಿ ಅವರ ಮನೆಯ ಎದುರಿಗೇ ಕಟ್ಟಿತ್ತು. ಪೀಟರಪ್ಪನ ಮುತ್ತಾತನ ಕಾಲದ್ದು, ಮರದ್ದು, ಒಂದು ಕಾಲಕ್ಕೆ ಹುಲ್ಲು, ಆಲೂಗಡ್ಡೆ, ಇಟ್ಟಿಗೆ ಹೊತ್ತು ಊರೂರು ತಿರುಗಿದ್ದು. ಆಮೇಲೆ ಅದರಲ್ಲೇ ಒಂದು ಸಂಸಾರ ವಾಸವಿತ್ತಂತೆ. ಆ ಊರಿನವರಿಗೆ ಹಳೆಯ ದೋಣಿಯೆಂದರೆ ಹಳೆಯ ಗುಡಿ ಇದ್ದಂತೆ, ಹೊರಗಡೆ ಒಂದು ಮೊಳೆ ಹೊಡೆಯಲೂ ಬಿಡುವುದಿಲ್ಲ. ಹಾಗಾಗಿ ಅವನು ಒಳಗಡೆ ತನಗೆ ಬೇಕಾದದ್ದೆಲ್ಲ ಮಾಡಿದ್ದ. ಕಡಿದಾದ ಏಣಿ ಇಳಿದರೆ ಸರಕು ತುಂಬುತ್ತಿದ್ದ ಉದ್ದನೆಯ ಕೋಣೆ. ಗೋಡೆಗೆಲ್ಲ ಹಳೆಯ ಹಾಸಿಗೆ, ಕಂಬಳಿ. ತುದಿಯಲ್ಲಿ ಗಾಜಿನ ಹಿಂದೆ ಅವನ ಟೇಪು ಮಿಷನ್ನು. ಕೆಳಗಿಳಿದ ಕೂಡಲೇ ಬೀದಿಯ ಸದ್ದೆಲ್ಲ ಕಡಿದುಹೋಯಿತು. "ಹುಳದ ಮನೆ ಇದ್ದಂಗಿದೆ ಕಣೇ" ಎಂದಳು ಅಕ್ಕ. ರೇಷ್ಮೆಹುಳು ಸಾಕುವ ಮನೆಯಲ್ಲಿ ಹುಳು ಸೊಪ್ಪು ಮೇಯುವ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಇಲ್ಲಿ ಕೇಳಿಸುತ್ತಿದ್ದದ್ದು ಒಂದು ಪಂಪಿನ ಗುಂಯ್‌ಗುಡುವ ಸದ್ದು. ಹಳೆಯ ಹಲಗೆಗಳ ಸಂದಿನಿಂದ ನೀರು ಒಸರುತ್ತದೆ, ಅದನ್ನು ಪಂಪು ಎತ್ತಿ ಹೊರಗೆ ಚೆಲ್ಲುತ್ತಿರುತ್ತದೆ, ಭಯವೇನಿಲ್ಲ ಎಂದ ಪೀಟರಪ್ಪ.

ಭಯವೇನಿಲ್ಲ ಎಂದು ಅವನು ಹೇಳಬೇಕಾಗಿರಲಿಲ್ಲ. ಆಗಿನಿಂದ ನನ್ನ ಕಣ್ಣು ನೆಲದ ಮೇಲೆಯೇ.

ಪಂಪಿನ ಶ್ರುತಿ

ಮೊದಲ ದಿನ ಚಪ್ಪಲಿ ಮೇಲೆ ಬಿಟ್ಟು ಕೆಳಗಿಳಿದು ಜಮಖಾನ ಹಾಸಿ ಕೂತೆವು. ನಮ್ಮನ್ನು ನೋಡಿ ಪೀಟರಪ್ಪನೂ ಬೂಟು ಬಿಚ್ಚಿದ. ಅಕ್ಕ ತೊಡೆ ತಟ್ಟಿ ತಾಳ ಹಾಕುವುದು ಟೇಪಿನಲ್ಲಿ ಬಡಿದಂತೆ ಕೇಳುತ್ತದೆಂದು ಮಾರ್ಥಾ ಒಂದು ಟವೆಲ್ಲು ಮಡಿಸಿ ಅವಳ ತೊಡೆಯ ಮೇಲಿಟ್ಟಳು. ಅಕ್ಕ ತಂಬೂರಿಯನ್ನು ತಾನೇ ಶ್ರುತಿ ಮಾಡಿ ನನ್ನ ಕೈಗೆ ಕೊಟ್ಟಳು. ಅದನ್ನು ಅವಳು ಇನ್ನೊಬ್ಬರಿಗೆ ಬಿಟ್ಟವಳಲ್ಲ. ಆಮೇಲೆ ಪೀಟರಪ್ಪ ಗಾಜಿನ ಹಿಂದೆ ಹೋಗಿ ಪಂಪು ನಿಲ್ಲಿಸಿದ. ಅದರ ಸದ್ದು ಟೇಪಿಗೆ ಬರಬಾರದಲ್ಲ.

ಅಕ್ಕ ಆಲಾಪನೆ ಎತ್ತಿಕೊಂಡಳು. ಏನೋ ಸರಿಯಿಲ್ಲ. ಕೆಳಗಿನ ಸ್ವರಗಳಿಗೆ ಹೋದಾಗಲೆಲ್ಲ ಗಂಟಲು ಕೆರೆದಂತಾಗುತ್ತಿತ್ತು. ಅವಳು ಬಿಡದೆ ಒತ್ತಿ ಹಾಡಿದಳು, ನಿಲ್ಲಿಸಿದಳು, ಬಿಸಿನೀರು ಕುಡಿದಳು, ಮತ್ತೆ ಹಾಡಿದಳು. ಕಡೆಗೆ ಕೆಮ್ಮು ಬಂದು ದನಿ ಒಡೆಯಿತು. ಆಯಿತು, ಗಂಟು ಗೆದ್ದುಬಿಟ್ಟಿತು ಎಂದುಕೊಂಡೆ.

ಪೀಟರಪ್ಪ ಹೊರಗೆ ಬಂದು ತನ್ನ ವಾದ್ಯದ ಮೇಲೆ ಒಂದು ಸ್ವರ ನುಡಿಸಿ, ನಂದಿಯಲ್ಲಿ ನೀವು ಇಲ್ಲಿಂದ ಹಾಡಿದ್ದಿರಿ, ಇವತ್ತು ಯಾಕೆ ಇಷ್ಟು ಕೆಳಗೆ ಎಂದು ಕೇಳಿದ. ಅಕ್ಕ ತಂಬೂರಿಯನ್ನು ಮೀಟಿ ನೋಡಿದಳು, ಮತ್ತೆ ಮೀಟಿದಳು. ಹೋಗಿ ಪಂಪು ಹಾಕಲು ಸನ್ನೆ ಮಾಡಿದಳು. ಪಂಪು ಗುಂಯ್ ಎಂದಿತು. ತಂಬೂರಿ ಅದಕ್ಕೆ ಸರಿಯಾಗಿ, ಒಂದು ಕೂದಲೆಳೆಯಷ್ಟೂ ತಪ್ಪದೆ ಕೂಡಿತ್ತು.

ಹುಟ್ಟಿದಾಗಿನಿಂದ ಶ್ರುತಿ ಕೇಳಿ ಬೆಳೆದ ಕಿವಿ ಅದು. ಎಲ್ಲಿ ಏನು ಗುಂಯ್ ಎಂದರೂ ಅದರ ಜೊತೆ ಹೋಗಿ ಸೇರಿಬಿಡುತ್ತದೆ. ಬೇರೆ ಯಾರಾದರೂ ಆಗಿದ್ದರೆ ಆ ಪಂಪು ಅವರಿಗೆ ಬರೀ ಗಲಾಟೆ. ಅಕ್ಕ ಅದರ ಕೆಳಗೆ ಕೂತು, ತನಗೇ ತಿಳಿಯದಂತೆ ತನ್ನ ಶ್ರುತಿಯನ್ನು ಅದರ ಮಟ್ಟಕ್ಕೆ ಇಳಿಸಿಕೊಂಡಿದ್ದಳು. ಪಕ್ಕದಲ್ಲೇ ಕೂತ ನನಗೂ ಗೊತ್ತಾಗಲಿಲ್ಲ. ಅಕ್ಕ ನಕ್ಕಳು. "ನೋಡೇ, ನಮ್ಮಪ್ಪನ ಮಗಳು ನೀರೆತ್ತೋ ಮಿಷನ್ನಿಗೆ ಸಂಗತಿ ಹಾಕಿದ್ಲು" ಎಂದಳು. ಹೇಳುವಾಗಲೇ ದನಿ ಗೊಗ್ಗರಾಗಿತ್ತು. ಪೀಟರಪ್ಪನೂ ನಕ್ಕ, ನಾಳೆ ಹಾಡೋಣ ಎಂದ. ನಾಳೆ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು, ಹೇಳುವಂತಿರಲಿಲ್ಲ.

ಮುಂದಿನ ದಿನಗಳು ಹೇಗೆ ಕಳೆದವೋ. ಅಕ್ಕ ಮೌನ ಹಿಡಿದು ಬಿಸಿನೀರು ಕುಡಿಯುತ್ತಾ ಕಿಟಕಿಯಲ್ಲಿ ಕೂತಳು. ನಾನು ಕಾಲುವೆಯ ದಂಡೆಯ ಮೇಲೆ ನಡೆದೆ. ಸೇತುವೆ ಹತ್ತಿ ಇಳಿದೆ, ಇನ್ನೊಂದು ಸೇತುವೆ ಹತ್ತಿ ಇಳಿದೆ. ಹೂ ಮಾರುವವನು ನಾನು ಮತ್ತೆ ಮತ್ತೆ ಹಾದುಹೋಗುವುದನ್ನು ನೋಡಿ, ಪಾಪ, ದಾರಿ ತಪ್ಪಿದೆನೆಂದು ಕೈಹಿಡಿದು ಮನೆಗೆ ಬಿಟ್ಟುಹೋದ. ಹಿಂತಿರುಗುವ ಹಡಗು ನಮಗಾಗಿ ಕಾಯುವಂಥದ್ದಲ್ಲ. ಅದರ ಜೊತೆಗೆ ಇನ್ನೊಂದು ಕಂಟಕ ಬಂತು. ಮರಳು ಹೊತ್ತ ದೊಡ್ಡ ದೋಣಿಯೊಂದು ಪೀಟರಪ್ಪನ ದೋಣಿಗೆ ಗುದ್ದಿಕೊಂಡು ಹೋಯಿತು. ಹಲಗೆಯ ಸಂದು ಅಗಲವಾಗಿ, ಒಸರುತ್ತಿದ್ದ ನೀರು ಈಗ ಹರಿಯತೊಡಗಿತು.

ಕೊನೆಯ ದಿನ, ದೋಣಿಯ ಹೊಟ್ಟೆಯಲ್ಲಿ

ಹೊರಡುವ ಹಿಂದಿನ ದಿನ ಬೆಳಗ್ಗೆ ಅಕ್ಕ ಎದ್ದು ಸಣ್ಣಗೆ ಒಂದು ಸ್ವರ ಹಿಡಿದು ನೋಡಿ, "ನಡಿಯೇ ಸರೂ, ಹೋಗಣ" ಎಂದಳು. ದನಿ ಬಂದಿತ್ತು.

ಪೀಟರಪ್ಪ ಮುಂಚೆಯೇ ಎಚ್ಚರಿಸಿದ. ಪಂಪು ನಿಲ್ಲಿಸಿದರೆ ಒಂದು ಹಾಡಿನಷ್ಟು ಹೊತ್ತು ತಡೆದೀತು, ಅಷ್ಟರ ಮೇಲೆ ತಡೆಯದು, ಹಾಡು ಮುಗಿದ ಕೂಡಲೇ ಪಂಪು ಹಾಕುತ್ತೇನೆ ಎಂದ. ವಯರುಗಳನ್ನೆಲ್ಲ ಸ್ಟೂಲುಗಳ ಮೇಲೆ ಎತ್ತಿಟ್ಟಿದ್ದ. ಅವನ ಸಂಗೀತದಲ್ಲಿ ಒಂದು ಹಾಡು ಎಂದರೆ ಎಷ್ಟು ಹೊತ್ತು ಎಂದು ಬರೆದಿಟ್ಟಿರುತ್ತದೆ. ನಮ್ಮಲ್ಲಿ ಯಾರು ಬರೆದಿಟ್ಟಿದ್ದಾರೆ?

ಈ ಸಲ ಪಂಪು ನಿಲ್ಲಿಸಿದ ಮೇಲೆಯೇ ಶ್ರುತಿ. ತಂಬೂರಿ ಕೊಡುವ ಮೊದಲು ಅಕ್ಕ ನನ್ನ ಮೊಣಕಾಲ ಮೇಲೆ ಕೈಯಿಟ್ಟು, "ಏನಾದ್ರೂ ಆಗ್ಲಿ, ಮಂಗಳ ಆಗೋವರ್ಗೂ ಏಳ್ಬೇಡಮ್ಮ" ಎಂದಳು. ಅಪ್ಪನ ಕಟ್ಟಳೆ ಅದು. ಕಚೇರಿಯ ಕೊನೆಗೆ ಮಂಗಳ ಹಾಡಿ ಮುಗಿಸುವ ತನಕ ತಂಬೂರಿಯವಳು ಏಳಕೂಡದು, ತಂತಿ ನಿಲ್ಲಕೂಡದು. ಚಿಕ್ಕಂದಿನಲ್ಲಿ ಎದ್ದು ಓಡಿ ಎಷ್ಟು ಸಲ ಕಿವಿ ಹಿಂಡಿಸಿಕೊಂಡಿದ್ದೆನೋ.

ಅಕ್ಕ ಮುಖಾರಿ ರಾಗ ಎತ್ತಿಕೊಂಡಳು. ಅಪ್ಪ ನಂದೀಶ್ವರನ ಮೇಲೆ ಕಟ್ಟಿದ ಕೃತಿ. ದನಿ ಗಂಟಿನ ಪಕ್ಕದಿಂದ ಹೇಗೆ ದಾರಿ ಮಾಡಿಕೊಂಡು ಬಂತೋ, ಅವಳು ಅಷ್ಟು ಚೆನ್ನಾಗಿ ಹಾಡಿದ್ದನ್ನು ನಾನು ಮುಂಚೆ ಕೇಳಿರಲಿಲ್ಲ. ಸಂತೋಷವಾಗಬೇಕಿತ್ತು. ನಾನು ನೆಲ ನೋಡುತ್ತಿದ್ದೆ. ಹಲಗೆಗಳ ನಡುವೆ ಕಪ್ಪು ಗೆರೆ ಕಾಣಿಸಿತು, ಗೆರೆ ಅಗಲವಾಯಿತು, ಜಮಖಾನದ ಅಂಚು ನೆನೆಯಿತು. ಸೀರೆಯ ನೆರಿಗೆ ತಣ್ಣಗಾಯಿತು. ಕಾಲು ತಾವಾಗಿಯೇ ಏಳಲು ಹವಣಿಸುತ್ತಿದ್ದವು. ಬೆರಳು ಮಾತ್ರ ತಂತಿಯ ಮೇಲಿತ್ತು.

ಕೃತಿ ಮುಗಿಯಿತು. ಗಾಜಿನ ಹಿಂದೆ ಪೀಟರಪ್ಪನ ಕೈ ಪಂಪಿನ ಗುಂಡಿಯ ಕಡೆಗೆ ಹೋಯಿತು. ಇನ್ನು ಮಂಗಳವೊಂದೇ, ಚಿಕ್ಕದು, ಆಗಿಬಿಡುತ್ತದೆ ಎಂದು ನಾನು ಕಣ್ಣಿನಲ್ಲೇ ತಡೆದೆ. ಅಕ್ಕ ಉಸಿರು ತೆಗೆದುಕೊಂಡು ಆನಂದಭೈರವಿ ಶುರು ಮಾಡಿದಳು. ಅಪ್ಪನ ಇನ್ನೊಂದು ಕೃತಿ.

ಸಿಟ್ಟು ಬಂತು. ಮುಳುಗಿಸಿಯೇ ತೀರುತ್ತೀಯಾ ಮಹರಾಯಿತಿ ಎಂದು ಮನಸ್ಸಿನಲ್ಲೇ ಬೈದೆ. ಅವಳು ಕಣ್ಣು ಮುಚ್ಚಿ ಹಾಡುತ್ತಿದ್ದಳು, ನೀರು ಅವಳ ಕಾಲಿಗೂ ತಾಗಿತ್ತು, ಗೊತ್ತಿಲ್ಲದೆ ಇರಲಿಲ್ಲ. ಪೀಟರಪ್ಪ ಬರಿಗಾಲಿನಲ್ಲಿ ನೀರಿನಲ್ಲಿ ನಿಂತಿದ್ದ. ಅವನು ನನ್ನನ್ನು ನೋಡಿದ. ನನ್ನ ಮುಖದಲ್ಲಿ ಏನು ಕಂಡನೋ, ಗುಂಡಿಯ ಮೇಲಿಂದ ಕೈ ತೆಗೆದು ಕಟ್ಟಿಕೊಂಡ. ನಾನು ತಂಬೂರಿಯ ಬುರುಡೆಯನ್ನು ನೀರು ತಾಗದಂತೆ ತೊಡೆಯ ಮೇಲಕ್ಕೆ ಎಳೆದುಕೊಂಡು ಮೀಟಿದೆ. ಅಪ್ಪನ ಮೇಲಾಣೆ, ಆಗ ಭಯ ಇರಲಿಲ್ಲ. ಇವಳು ನಿಲ್ಲಿಸದೇ ಇರಲಿ ಎನ್ನಿಸಿತು.

ಎರಡನೆಯ ಕೃತಿಯೂ ಮುಗಿಯಿತು. ಅಕ್ಕ ಕಣ್ಣು ತೆರೆದು, ಟವೆಲ್ಲು ಪಕ್ಕಕ್ಕಿಟ್ಟು, ಪೀಟರಪ್ಪನಿಗೆ ಸಾಕು ಎಂದು ಕೈ ತೋರಿಸಿದಳು. ಅವನು ಗಾಬರಿಯಲ್ಲಿ ಟೇಪು ನಿಲ್ಲಿಸುವ ಮೊದಲೇ ಪಂಪು ಹಾಕಿದ. ಗುಂಯ್ ಎಂದಿತು.

ನಾನು ಮೀಟುತ್ತಲೇ ಇದ್ದೆ. ಮಂಗಳ ಎಲ್ಲಿ ಎಂದೆ.

"ಇಲ್ಲಿ ಹಾಡಲ್ಲ ಕಣೇ" ಎಂದಳು. "ಇಲ್ಲಿ ಹಾಡ್ಬಿಟ್ರೆ ಮುಗ್ದೋಯ್ತು ಅಂತ್ಲೇ ಅರ್ಥ. ಕೊಯ್ಸ್ಕೊಂಡ್ಮೇಲೆ ಊರಲ್ಲೇ ಹಾಡ್ತೀನಿ. ಅಲ್ಲೀಗಂಟ ಕಚೇರಿ ಮುಗ್ದಿಲ್ಲ."

ಎಂದವಳೇ ಸೀರೆ ಹಿಂಡಿಕೊಂಡು ಏಣಿ ಹತ್ತಿದಳು.

ಶಿಡ್ಲಘಟ್ಟ

ಊರಿಗೆ ಬಂದ ಕೂಡಲೇ ಆಪರೇಷನ್ ಆಯಿತು. ಗಂಟು ಹೋಯಿತು, ದನಿಯೂ ಹೋಯಿತು. ಮಾತು ಬಂತು, ಆದರೆ ಅದು ಕೆಳಗಿಳಿದು, ದಪ್ಪವಾಗಿ, ಒರಟಾಗಿ ಬಂತು. ಬಾಗಿಲ ಹೊರಗಿನಿಂದ ಕೇಳಿದವರು ಗಂಡಸಿರಬೇಕು ಎಂದುಕೊಳ್ಳುವಂತೆ. ಅಕ್ಕ ಒಂದು ಸಲ ತಂಬೂರಿ ಹೊರತೆಗೆದು, ತನ್ನ ಹಳೆಯ ಶ್ರುತಿಗೆ ಹಾಡಲು ಹೋಗಿ, ದನಿ ಹತ್ತದೆ, ತಂಬೂರಿಗೆ ಮುಸುಕು ಹಾಕಿ ಅಟ್ಟದ ಮೇಲೆ ಇಡಿಸಿದಳು. ನಾನು ರಜೆ ಸಿಕ್ಕಾಗಲೆಲ್ಲ ಗೌರಿಬಿದನೂರಿನಿಂದ ಬಸ್ಸು ಹತ್ತುತ್ತಿದ್ದೆ. ಹಾಡಿನ ಮಾತು ಎತ್ತಿದರೆ ಅವಳು ಒಳಗೆ ಹೋಗಿ ಗೂಡು ಆರಿಸುತ್ತಾ ಕೂರುತ್ತಿದ್ದಳು.

ಎಷ್ಟೋ ತಿಂಗಳ ಮೇಲೆ ಪೀಟರಪ್ಪನ ಕಟ್ಟು ಬಂತು. ಅಕ್ಕನ ಹಾಡಿನ ಪ್ಲೇಟು. ಮನೆಯಲ್ಲಿ ಗ್ರಾಮಫೋನಿಲ್ಲ. ಭಾವನ ಹತ್ತಿರ ನೂಲು ಕೊಳ್ಳುತ್ತಿದ್ದ ಖಾದರ್ ಸಾಹೇಬರು, ನಂದಿಯ ಶಿವರಾತ್ರಿಯಲ್ಲಿ ಕಂಬಕ್ಕೊರಗಿ ಅಕ್ಕನ ಹಾಡು ಕೇಳುತ್ತಿದ್ದವರು, ತಮ್ಮ ಗ್ರಾಮಫೋನನ್ನು ತಾವೇ ಹೊತ್ತುಕೊಂಡು ಬಂದು ನಡುಮನೆಯಲ್ಲಿ ಇಟ್ಟರು.

ಪ್ಲೇಟು ತಿರುಗಿತು. ಅಕ್ಕನ ದನಿ ಬಂತು. ಭಾವ ನೆಲ ನೋಡಿದರು. ಖಾದರ್ ಸಾಹೇಬರು ಕಣ್ಣೊರೆಸಿಕೊಂಡರು. ಅಕ್ಕ ಮಾತ್ರ ಬೇರೆ ಯಾರೋ ಹಾಡಿದ್ದನ್ನು ಕೇಳುವವಳಂತೆ, ಅಲ್ಲಲ್ಲಿ ತಲೆದೂಗುತ್ತಾ ಕೂತಿದ್ದಳು. ಒಂದು ಮಗ್ಗುಲಿನಲ್ಲಿ ಮುಖಾರಿ, ತಿರುವಿ ಹಾಕಿದರೆ ಆನಂದಭೈರವಿ. ಅದೂ ಮುಗಿಯಿತು. ಆಮೇಲೆ, ಗುಂಯ್. ಪಂಪು. ಆ ಪುಣ್ಯಾತ್ಮ ಅದನ್ನು ಕತ್ತರಿಸದೆ ಹಾಗೆಯೇ ಬಿಟ್ಟಿದ್ದ. ನನಗೆ ಮೈಯೆಲ್ಲ ಉರಿಯಿತು. ಮುಳ್ಳು ಎತ್ತಲು ಹೋದೆ. ಅಕ್ಕ ಮಣಿಕಟ್ಟು ಹಿಡಿದಳು.

ತಲೆ ಓರೆ ಮಾಡಿ ಕೇಳುತ್ತಿದ್ದಳು. ಪ್ಲೇಟು ಖಾಲಿ ತಿರುಗತೊಡಗಿದ ಮೇಲೂ ಅವಳ ಗಂಟಲಲ್ಲಿ ಅದೇ ಸ್ವರ ಸಣ್ಣಗೆ ಉಳಿದಿತ್ತು. ಒತ್ತಿ ತಂದದ್ದಲ್ಲ, ತಾನಾಗಿ ನಿಂತದ್ದು. ಅವತ್ತು ಅವಳನ್ನು ಕೆಡಿಸಿದ ಆ ತಗ್ಗು ಶ್ರುತಿಗೆ ಈಗ ಅವಳ ದನಿ ಇಳಿದು ಬಂದು ಕೂತಿತ್ತು.

"ಸರೂ, ತಂಬೂರಿ ತಾರೇ" ಎಂದಳು. "ಆ ಮಿಷನ್ನಿಗೆ ಸೇರ್ಸಿ ಕೊಡು."

ಭಾವ ಅಟ್ಟ ಹತ್ತಿ ತಂಬೂರಿ ಇಳಿಸಿದರು. ಮೊದಲ ಸಲ ಶ್ರುತಿ ಮಾಡುವುದನ್ನು ನನಗೆ ಬಿಟ್ಟಳು. ಖಾದರ್ ಸಾಹೇಬರು ಮುಳ್ಳನ್ನು ಹಿಂದಕ್ಕಿಟ್ಟು ಪಂಪಿನ ಸದ್ದನ್ನು ಮತ್ತೆ ಮತ್ತೆ ಕೇಳಿಸಿದರು. ನಾನು ಬಿರಡೆ ತಿರುವಿ ಇಳಿಸಿದೆ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಅವಳು ಕೈ ತೋರಿಸುತ್ತಿದ್ದಳು. ತಂತಿ ಕೂಡಿಕೊಂಡಿತು.

ಅಕ್ಕ ಅಪ್ಪನ ಮಂಗಳ ಹಾಡಿದಳು. ದನಿ ಅಲ್ಲಲ್ಲಿ ಹರಿಯಿತು, ಅವಳು ಅಲ್ಲಿ ನಿಂತು, ಉಸಿರು ತೆಗೆದುಕೊಂಡು ಮುಂದೆ ಹೋದಳು. ಶ್ರುತಿ ಬಿಡಲಿಲ್ಲ. ನನ್ನ ಕಣ್ಣೀರು ಬುರುಡೆಯ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಮುಗಿಸಿ ತಂಬೂರಿಗೆ ಕೈಮುಗಿದು, "ಹೂಂ, ಇವಾಗ ಏಳ್ಬಹುದು ಕಣಮ್ಮ" ಎಂದಳು.

ನನಗೆ ಏಳಲು ಮನಸ್ಸಾಗಲಿಲ್ಲ. ಮೀಟುತ್ತಾ ಹಾಗೆಯೇ ಕೂತಿದ್ದೆ.